ಗಾಳಿಯಲ್ಲೊಂದು ಗೋಮಾಳ

2010ರ ಬೇಸಿಗೆಯಲ್ಲಿ ಕೇಂದ್ರ ಸರ್ಕಾರ 2.3 ಗಿಗಾಹರ್ಟ್ಸ್ ತರಂಗಾಂತರವನ್ನು ಹರಾಜಿಗಿಟ್ಟಿತು. ಕಂಪನಿಗಳು ಪೈಪೋಟಿಗೆ ಬಿದ್ದು ಬೆಲೆ ಕೂಗಿದವು. ಬೊಕ್ಕಸಕ್ಕೆ ಸುಮಾರು 38,500 ಕೋಟಿ ರೂಪಾಯಿ ಬಂತು. ಆ ಹೊಲದ ಬದು ದಾಟಿದರೆ ಸಿಗುವುದೇ 2.4 ಗಿಗಾಹರ್ಟ್ಸ್. ಅದಕ್ಕೆ ಬೆಲೆಯಿಲ್ಲ, ಒಡೆಯನಿಲ್ಲ, ಪಹಣಿಯಿಲ್ಲ. ಊರ ದನಗಳೆಲ್ಲ ಮೇಯಲಿ ಎಂದು ಬಿಟ್ಟ ಗೋಮಾಳ ಅದು. ನಮ್ಮ ಪಡಸಾಲೆಯ ಗೋಡೆಗೆ ತೂಗುಹಾಕಿದ ವೈಫೈ ಪೆಟ್ಟಿಗೆ ಮೇಯುವುದೂ ಅಲ್ಲೇ.

ವೈಫೈ ಕಥೆಯನ್ನು ಸಾಮಾನ್ಯವಾಗಿ ಚಿಪ್, ವೇಗ, ಕಂಪನಿಗಳಿಂದ ಶುರುಮಾಡುತ್ತಾರೆ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಈ ಜಾಗವನ್ನು ಎಲ್ಲರಿಗೂ ಬಿಟ್ಟುಕೊಟ್ಟ ತೀರ್ಮಾನ. ಅದು ಆದದ್ದು 1985ರ ಮೇ ತಿಂಗಳಲ್ಲಿ, ಅಮೆರಿಕದ ಸಂಪರ್ಕ ನಿಯಂತ್ರಣ ಸಂಸ್ಥೆ ಎಫ್‌ಸಿಸಿಯಲ್ಲಿ. ಮೈಕ್ರೋವೇವ್ ಒಲೆ, ಕಾರ್ಖಾನೆಗಳ ಶಾಖಯಂತ್ರ, ಆಸ್ಪತ್ರೆಯ ಉಪಕರಣಗಳ ಸದ್ದೆಲ್ಲ ತುಂಬಿಕೊಂಡು, ಸಂವಹನಕ್ಕೆ ಕೆಲಸಕ್ಕೆ ಬಾರದು ಎನಿಸಿಕೊಂಡಿದ್ದ ಮೂರು ತರಂಗಪಟ್ಟಿಗಳಿದ್ದವು. ಅವನ್ನು ಪರವಾನಗಿಯಿಲ್ಲದೆ ಯಾರು ಬೇಕಾದರೂ ಬಳಸಲಿ ಎಂದು ಪಟ್ಟು ಹಿಡಿದವರು ಅಲ್ಲಿನ ಎಂಜಿನಿಯರ್ ಮೈಕೆಲ್ ಮಾರ್ಕಸ್. ಷರತ್ತು ಎರಡೇ: ಪ್ರಸಾರದ ಶಕ್ತಿ ಒಂದು ವಾಟ್ ಮೀರಬಾರದು, ಸಂಕೇತವನ್ನು ಒಂದೇ ಬಿಂದುವಿನಲ್ಲಿ ಒತ್ತದೆ ಅಗಲಕ್ಕೆ ತೆಳುವಾಗಿ ಹರಡಬೇಕು. ಹಾಗೆ ಹರಡುವ ವಿದ್ಯೆ ಅಲ್ಲಿಯವರೆಗೆ ಬಹುಮಟ್ಟಿಗೆ ಸೈನ್ಯದವರ ಕೈಯಲ್ಲಿತ್ತು.

ಹಾಲಿವುಡ್ ನಟಿ ಹೆಡಿ ಲಮಾರ್ ವೈಫೈ ಕಂಡುಹಿಡಿದರು ಎಂಬ ಮಾತು ಆಗಾಗ ಕೇಳಿಬರುತ್ತದೆ. ಸಂಗೀತ ಸಂಯೋಜಕ ಜಾರ್ಜ್ ಆಂಥೈಲ್ ಜೊತೆಗೂಡಿ ಅವರು 1942ರಲ್ಲಿ ಪಡೆದ ಪೇಟೆಂಟ್ ನಿಜಕ್ಕೂ ಬೆರಗಿನದು. ಟಾರ್ಪೆಡೊಗೆ ಹೋಗುವ ಸಂಕೇತ 88 ತರಂಗಾಂತರಗಳ ನಡುವೆ ಜಿಗಿಯುತ್ತ ಶತ್ರುವಿನ ಕೈಗೆ ಸಿಗದಂತೆ ಮಾಡುವ ಉಪಾಯ ಅದು. ಆದರೆ ಮನೆಮನೆಗೆ ತಲುಪಿದ ವೈಫೈ ಸಂಕೇತವನ್ನು ಹರಡಿದ ಬಗೆಯೇ ಬೇರೆ. ಅವರ ಪ್ರತಿಭೆಯನ್ನು ಗೌರವಿಸಲು ಆ ಉತ್ಪ್ರೇಕ್ಷೆ ಬೇಕಿಲ್ಲ.

ಗೋಮಾಳ ಇದ್ದರೆ ಸಾಲದು, ಅಲ್ಲಿ ಕಾದಾಟವಾಗದಂತೆ ಮೇಯುವ ರೀತಿಯೂ ಬೇಕು. ಆ ರೀತಿಯನ್ನು ಮೊದಲು ಕಲಿಸಿದ್ದು ಹವಾಯಿ. ಕಡಲ ನಡುವಿನ ದ್ವೀಪಗಳಲ್ಲಿ ಚದುರಿದ್ದ ವಿಶ್ವವಿದ್ಯಾಲಯದ ಕೇಂದ್ರಗಳನ್ನು ಒಂದು ಕಂಪ್ಯೂಟರಿಗೆ ಜೋಡಿಸಲು ನಾರ್ಮನ್ ಅಬ್ರಾಮ್ಸನ್ ಮತ್ತು ಸಂಗಡಿಗರು 1971ರಲ್ಲಿ ರೇಡಿಯೊ ಜಾಲ ಕಟ್ಟಿದರು; ಅಲೋಹಾನೆಟ್ ಎಂದು ಹೆಸರಿಟ್ಟರು. ಯಾರಿಗೆ ಯಾವಾಗ ಸರದಿ ಎಂದು ಹಂಚುವ ಯಜಮಾನ ಅಲ್ಲಿರಲಿಲ್ಲ. ಕಳಿಸಬೇಕಾದದ್ದನ್ನು ಕಳಿಸಿಬಿಡು; ಇನ್ನೊಬ್ಬರದ್ದಕ್ಕೆ ಡಿಕ್ಕಿ ಹೊಡೆದು ಹಾಳಾದರೆ, ಮನಬಂದಷ್ಟು ಹೊತ್ತು ಕಾದು ಮತ್ತೆ ಕಳಿಸು. ಇಬ್ಬರೂ ಒಂದೇ ಹೊತ್ತು ಕಾಯುವ ಸಂಭವ ಕಡಿಮೆಯಾದ್ದರಿಂದ ಎರಡನೆಯ ಸಲ ದಾರಿ ಸಿಗುತ್ತದೆ. ಲೆಕ್ಕ ಹಾಕಿದರೆ ಆ ಪದ್ಧತಿಯಲ್ಲಿ ದಾರಿಯ ಶೇ 18ರಷ್ಟನ್ನು ಮಾತ್ರ ಬಳಸಲು ಸಾಧ್ಯ. ವೈಫೈ ಪಾಲಿಸುವ ರೀತಿಯಲ್ಲಿ ಅದಕ್ಕೆ ಒಂದು ಸಂಯಮ ಸೇರಿದೆ: ಮಾತಾಡುವ ಮುನ್ನ ಕಿವಿಗೊಡು. ಗಾಳಿಯಲ್ಲಿ ಬೇರೆ ಯಾರೋ ಮಾತಾಡುತ್ತಿದ್ದರೆ ಸುಮ್ಮನಿರು, ಅವರು ಮುಗಿಸಿದ ಮೇಲೂ ತುಸು ಕಾದು ಶುರುಮಾಡು. ನಿಮ್ಮ ಫೋನು ಈ ಕ್ಷಣ ಪಕ್ಕದ ಮನೆಯ ಟಿವಿಯೊಂದಿಗೆ ಪಾಲಿಸುತ್ತಿರುವ ಕಟ್ಟುಪಾಡು ಇದೇ.

ತಂತಿಯಿಲ್ಲದ ಈ ಸಂಪರ್ಕವನ್ನು ಸರಕಾಗಿ ಮಾಡಿದ್ದು ಅಂಗಡಿಗಳ ಗಲ್ಲಾಪೆಟ್ಟಿಗೆ. ದೊಡ್ಡ ಮಳಿಗೆಗಳು ಕಪಾಟುಗಳ ಜೋಡಣೆ ಬದಲಿಸಿದಾಗಲೆಲ್ಲ ಬಿಲ್ಲಿನ ಯಂತ್ರಗಳ ಕೇಬಲನ್ನು ಹೊಸದಾಗಿ ಎಳೆಯಬೇಕಿತ್ತು. ಆ ತಾಪತ್ರಯ ತಪ್ಪಿಸಲು ಎನ್‌ಸಿಆರ್ ಕಂಪನಿಯ ನೆದರ್ಲ್ಯಾಂಡ್ಸ್ ಶಾಖೆ ವೇವ್‌ಲ್ಯಾನ್ ಎಂಬ ಕಾರ್ಡ್ ರೂಪಿಸಿತು. ಅಲ್ಲಿನ ವಿಕ್ ಹೇಯ್ಸ್ 1990ರಿಂದ ಹತ್ತು ವರ್ಷ ಐಇಇಇ ಸಂಸ್ಥೆಯಲ್ಲಿ ತಂತಿರಹಿತ ಜಾಲಕ್ಕೆ ಮಾನಕ ರೂಪಿಸುವ 802.11 ಸಮಿತಿಯ ಅಧ್ಯಕ್ಷರಾಗಿದ್ದು, ಒಬ್ಬರನ್ನೊಬ್ಬರು ನಂಬದ ಕಂಪನಿಗಳನ್ನು ಒಂದೇ ಮೇಜಿನ ಸುತ್ತ ಕೂರಿಸಿದರು. 1997ರಲ್ಲಿ ಮೊದಲ ಮಾನಕ ಬಂತು. ವೇಗ ಸೆಕೆಂಡಿಗೆ ಎರಡು ಮೆಗಾಬಿಟ್, ಅಷ್ಟೇ. 1999ರಲ್ಲಿ ಅದು 11ಕ್ಕೇರಿತು. ವೈಫೈ ಎಂಬ ಹೆಸರೂ ಆ ವರ್ಷವೇ ಹುಟ್ಟಿತು. ಅದೇ ವರ್ಷದ ಜುಲೈನಲ್ಲಿ ನ್ಯೂಯಾರ್ಕಿನ ವೇದಿಕೆಯೊಂದರಲ್ಲಿ ಆ್ಯಪಲ್ ಕಂಪನಿಯ ಸ್ಟೀವ್ ಜಾಬ್ಸ್ ಇಂಟರ್ನೆಟ್ ತೆರೆದಿದ್ದ ಐಬುಕ್ ಲ್ಯಾಪ್‌ಟಾಪನ್ನು ಎತ್ತಿ ಹಿಡಿದು, ತಂತಿ ಎಲ್ಲೂ ಇಲ್ಲವೆಂದು ತೋರಿಸಲು ಬಳೆಯಂಥ ಹೂಲಾ ಹೂಪ್‌ ಒಳಗಿಂದ ತೂರಿಸಿದರು. ಅದರೊಳಗಿನ ವೈಫೈ ಕಾರ್ಡಿಗೆ 99 ಡಾಲರ್, ಮನೆಯ ಪೆಟ್ಟಿಗೆಗೆ 299. ಕಾರ್ಡಿನೊಳಗಿದ್ದದ್ದು ಲೂಸೆಂಟ್ ಕಂಪನಿಯ ಕೈಗೆ ದಾಟಿದ್ದ ವೇವ್‌ಲ್ಯಾನ್‌ ಸಂತತಿಯೇ.

ಮನೆಯೊಳಗೆ ರೇಡಿಯೊ ಅಲೆಗೆ ಒಂದು ವಿಶೇಷ ಕಷ್ಟವಿದೆ. ಗೋಡೆ, ನೆಲ, ಬೀರು, ಕನ್ನಡಿ ಎಲ್ಲಕ್ಕೂ ಬಡಿದು ಮರಳುವುದರಿಂದ ಒಂದೇ ಸಂಕೇತ ಹತ್ತು ದಾರಿ ಹಿಡಿದು ಹತ್ತು ಗಳಿಗೆಗೆ ಬಂದು ಮುಟ್ಟುತ್ತದೆ. ಈ ಪ್ರತಿಧ್ವನಿಗಳನ್ನು ಬಿಡಿಸಲು ನೆರವಾದದ್ದು ಖಗೋಳ ವಿಜ್ಞಾನ. ಆಸ್ಟ್ರೇಲಿಯಾದ ಎಂಜಿನಿಯರ್ ಜಾನ್ ಒಸಲಿವನ್ 1970ರ ದಶಕದಲ್ಲಿ, ಸ್ಟೀಫನ್ ಹಾಕಿಂಗ್ ಊಹಿಸಿದ್ದ ಪುಟ್ಟ ಕಪ್ಪುಕುಳಿಗಳ ಸ್ಫೋಟದ ರೇಡಿಯೊ ಸುಳಿವು ಹುಡುಕುತ್ತಿದ್ದರು. ಅದು ಸಿಗಲಿಲ್ಲ. ಆದರೆ ಕಲಸಿಹೋದ ಸಂಕೇತವನ್ನು ಗಣಿತದಿಂದ ತಿಳಿಗೊಳಿಸುವ ಹದ ಅವರ ಕೈಗೆ ಸಿಕ್ಕಿತು. ಮುಂದೆ ಆಸ್ಟ್ರೇಲಿಯಾದ ಸಿಎಸ್‌ಐಆರ್‌ಒ ಸಂಶೋಧನಾ ಸಂಸ್ಥೆಯಲ್ಲಿ ಅವರೂ ನಾಲ್ವರು ಸಹೋದ್ಯೋಗಿಗಳೂ ಒಂದು ವೇಗದ ಹರಿವನ್ನು ಹಲವು ನಿಧಾನದ ಎಳೆಗಳಾಗಿ ಸೀಳಿ ಏಕಕಾಲಕ್ಕೆ ಕಳಿಸುವ ವಿಧಾನ ರೂಪಿಸಿದರು. ಎಳೆ ನಿಧಾನವಾದರೆ ತಡವಾಗಿ ಬಂದ ಪ್ರತಿಧ್ವನಿ ಮುಂದಿನ ಅಕ್ಷರವನ್ನು ಕೆಡಿಸುವುದಿಲ್ಲ. 1996ರಲ್ಲಿ ಅಮೆರಿಕದ ಪೇಟೆಂಟ್ ದೊರೆಯಿತು. ವರ್ಷಗಟ್ಟಲೆ ನಡೆದ ದಾವೆಗಳ ನಂತರ ದೊಡ್ಡ ದೊಡ್ಡ ಕಂಪನಿಗಳು ಅದಕ್ಕೆ ಹಣ ತೆತ್ತವು.

ಪ್ರತಿಧ್ವನಿ ಶತ್ರುವೇ ಆಗಬೇಕಿಲ್ಲ ಎಂದು ತೋರಿಸಿದವರು ಆರೋಗ್ಯಸ್ವಾಮಿ ಪೌಲ್‌ರಾಜ್. ಪೊಳ್ಳಾಚಿಯ ಕಡೆಯವರು, ಭಾರತೀಯ ನೌಕಾಪಡೆಗೆ ಸೋನಾರ್ ಕಟ್ಟಿಕೊಟ್ಟವರು. ಬೆಂಗಳೂರಿನ ಕೃತಕ ಬುದ್ಧಿಮತ್ತೆ ಮತ್ತು ರೋಬೊಟಿಕ್ಸ್ ಕೇಂದ್ರ ಹಾಗೂ ಬಿಇಎಲ್‌ನ ಕೇಂದ್ರೀಯ ಸಂಶೋಧನಾಲಯ ಅವರು ಸ್ಥಾಪಕ ನಿರ್ದೇಶಕರಾಗಿ ಬೆಳೆಸಿದ ಸಂಸ್ಥೆಗಳು. ಸ್ಟ್ಯಾನ್‌ಫರ್ಡ್‌ಗೆ ಹೋದ ಮೇಲೆ ಅವರಿಗೆ ಹೊಳೆದದ್ದು ಇದು: ಕಳಿಸುವ ಕಡೆ ಹಲವು ಆಂಟೆನಾ, ಪಡೆಯುವ ಕಡೆ ಹಲವು ಆಂಟೆನಾ ಇಟ್ಟರೆ, ಅಲೆಗಳು ಬೇರೆಬೇರೆ ದಾರಿಯಲ್ಲಿ ಬರುವುದರಿಂದಲೇ ಒಂದೇ ತರಂಗಾಂತರದಲ್ಲಿ ಹಲವು ಹರಿವುಗಳನ್ನು ಬೇರ್ಪಡಿಸಿ ಕೇಳಬಹುದು. ಅಲ್ಲಿನ ಪ್ರಾಧ್ಯಾಪಕ ಥಾಮಸ್ ಕೈಲತ್ ಜೊತೆ 1994ರಲ್ಲಿ ಪೇಟೆಂಟ್ ಪಡೆದ ಈ ವಿಚಾರವನ್ನು ಆರಂಭದಲ್ಲಿ ನಂಬಿದವರು ಕಡಿಮೆ. 2009ರ ಮಾನಕದಿಂದ ಮುಂದಕ್ಕೆ ಅದು ವೈಫೈನ ಬೆನ್ನೆಲುಬು. ಈಗಿನ ಪೆಟ್ಟಿಗೆಗಳಿಗೆ ನಾಲ್ಕೈದು ಕೊಂಬು ಮೂಡಿರುವುದು ಅದಕ್ಕೇ. ವೈಫೈ ಎಂದರೆ ಎಲ್ಲವೂ ಹೊರಗಿನಿಂದ ಬಂದದ್ದು ಎಂದುಕೊಂಡಿರುವ ನಮ್ಮ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಈ ಹೆಸರು ಪಾಠದಲ್ಲೇ ಸಿಗಬೇಕು.

ಭಾರತದಲ್ಲಿ 2.4 ಗಿಗಾಹರ್ಟ್ಸ್‌ನ ಕಡಿಮೆ ಶಕ್ತಿಯ ಬಳಕೆಗೆ ಪರವಾನಗಿ ಬೇಡವೆಂಬ ನಿಯಮ 2005ರ ಜನವರಿಯಲ್ಲಿ ಬಂತು. ಅದು ಬರೀ 83.5 ಮೆಗಾಹರ್ಟ್ಸ್ ಅಗಲ. 2018ರ ಅಕ್ಟೋಬರಿನಲ್ಲಿ 5 ಗಿಗಾಹರ್ಟ್ಸ್‌ನ ಸುತ್ತ 605 ಮೆಗಾಹರ್ಟ್ಸ್ ಮುಕ್ತವಾಯಿತು. ಎರಡಕ್ಕೂ ಗುಣ ಬೇರೆ. 2.4ರ ಅಲೆ ಹನ್ನೆರಡೂವರೆ ಸೆಂಟಿಮೀಟರ್ ಉದ್ದ, ಗೋಡೆ ದಾಟಿ ದೂರ ಹೋಗುತ್ತದೆ. ಆದರೆ ಅಲ್ಲಿ ಒಂದರ ಮೇಲೊಂದು ಏರದ ಚಾನೆಲ್‌ಗಳು 1, 6, 11 ಮೂರೇ. ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಅಕ್ಕಪಕ್ಕ ಮೇಲೆ ಕೆಳಗೆ ಎಲ್ಲರೂ ಅಲ್ಲೇ ಮುಗಿಬಿದ್ದಿರುವುದರಿಂದ ಟಿವಿ, ಲ್ಯಾಪ್‌ಟಾಪ್‌ಗಳನ್ನು 5ಕ್ಕೆ ಹಾಕುವುದು ಸರಿ. ಕರಾವಳಿ, ಮಲೆನಾಡಿನ ದಪ್ಪ ಗೋಡೆಯ ಮನೆಗಳ ಲೆಕ್ಕ ಬೇರೆ. 5 ಗಿಗಾಹರ್ಟ್ಸ್ ಎರಡನೆಯ ಗೋಡೆಗೇ ಸೋಲುತ್ತದೆ.

ತರಂಗಪಟ್ಟಿಯಷ್ಟೇ ಮುಖ್ಯ ಪೆಟ್ಟಿಗೆಯ ಜಾಗ. ಸಂಪರ್ಕ ಕೊಡಲು ಬಂದವರು ಫೈಬರ್ ಎಲ್ಲಿ ಒಳಗೆ ಬಂತೋ ಅಲ್ಲೇ, ಬೀದಿ ಬದಿಯ ಕಿಟಕಿಯ ಪಕ್ಕ, ಟಿವಿಯ ಹಿಂದೆ ಪೆಟ್ಟಿಗೆ ಕೂರಿಸಿ ಹೋಗುವುದು ಸಾಮಾನ್ಯ. ಅರ್ಧ ಅಲೆ ಬೀದಿಗೆ ಹರಿಯುತ್ತದೆ. ಹತ್ತು ಮೀಟರ್ ತಂತಿ ಹೆಚ್ಚಿಗೆ ಕೇಳಿ ಪಡೆದು ಮನೆಯ ನಡುಭಾಗಕ್ಕೆ, ಎದೆಮಟ್ಟಕ್ಕಿಂತ ಮೇಲೆ, ಕಬ್ಬಿಣದ ಬೀರು ಮತ್ತು ಫ್ರಿಜ್‌ನಿಂದ ದೂರ ಹಾಕಿಸಿ. ಕೊಂಬು ನೇರ ನಿಂತರೆ ಅಲೆ ಅಡ್ಡಕ್ಕೆ ಹರಡುತ್ತದೆ. ಮಹಡಿಗೂ ಬೇಕಿದ್ದರೆ ಒಂದನ್ನು ಮಲಗಿಸಿ. ಭದ್ರತೆಗೆ ಡಬ್ಲ್ಯುಪಿಎ2 ಅಥವಾ ಡಬ್ಲ್ಯುಪಿಎ3 ಆರಿಸಿ. ಹಳೆಯ ಡಬ್ಲ್ಯುಇಪಿಯ ಬೀಗ ಮುರಿಯುವ ದಾರಿ 2001ರಲ್ಲೇ ಬಯಲಾಗಿದೆ. ಪೆಟ್ಟಿಗೆಯ ಒಳಸೆಟ್ಟಿಂಗ್‌ಗೆ ಕಾರ್ಖಾನೆ ಇಟ್ಟ ಪಾಸ್‌ವರ್ಡ್ ಅಂದೇ ಬದಲಿಸಿ.

ಸಂಕೇತ ಹಿಡಿದು ಮುಂದಕ್ಕೆ ದಾಟಿಸುವ ರಿಪೀಟರ್ ಒಂದೇ ಚಾನೆಲ್‌ನಲ್ಲಿ ಕೇಳುವುದನ್ನೂ ಹೇಳುವುದನ್ನೂ ಮಾಡುವಾಗ ವೇಗ ಹೆಚ್ಚುಕಡಿಮೆ ಅರ್ಧವಾಗುತ್ತದೆ. ದೊಡ್ಡ ಮನೆಗೆ ಎರಡನೆಯ ಪೆಟ್ಟಿಗೆ ಇಡುವುದಾದರೆ ಅಲ್ಲಿಗೆ ತಂತಿಯನ್ನೇ ಎಳೆಯುವುದು ಉತ್ತಮ. ಹೊಸ ಮನೆ ಕಟ್ಟಿಸುತ್ತಿರುವವರು ಗೋಡೆ ಕೊರೆದು ವಿದ್ಯುತ್ ಪೈಪ್ ಹಾಕುವ ದಿನ, ಪಡಸಾಲೆಯಿಂದ ಮಹಡಿಯ ಕೋಣೆಗೆ ಇನ್ನೊಂದು ಖಾಲಿ ಪೈಪ್ ಬೇರೆಯಾಗಿ ಇಡಿಸಿ. ಗಾರೆ ಆದ ಮೇಲೆ ಅದೇ ಕೆಲಸಕ್ಕೆ ಗೋಡೆ ಒಡೆಯಬೇಕಾಗುತ್ತದೆ.