ನಾಣ್ಯದಲ್ಲಿ ಉಳಿದ ಸಾಮ್ರಾಜ್ಞಿ

ಪ್ರಾಚೀನ ರೋಮಿನಲ್ಲಿ ಸ್ತ್ರೀಯರು ರಾಜ್ಯದ ಅಧಿಕಾರಪದವಿಗಳನ್ನು ಹೊಂದುವಂತಿರಲಿಲ್ಲ. ಆದರೂ ಸಾಮ್ರಾಜ್ಞಿಯರ ಮುಖಗಳು 'ಡಿನೇರಿಯಸ್' ಎಂಬ ಬೆಳ್ಳಿಯ ನಾಣ್ಯಗಳ ಮೇಲೆ ಅಚ್ಚಾಗಿ ಜನರ ಕೈಯಿಂದ ಕೈಗೆ ಸಾಗಿದವು. ಚಕ್ರವರ್ತಿ ಆಂಟೊನೈನಸ್ ಪಯಸನ ಪತ್ನಿ ಫೌಸ್ಟಿನಾ ಇಂತಹವರಲ್ಲಿ ಒಬ್ಬಳು.

ಕ್ರಿ.ಶ. 140ರಲ್ಲಿ ಆಕೆ ಮರಣ ಹೊಂದಿದಾಗ ಸೆನೆಟ್ ಸಭೆಯು ಆಕೆಯನ್ನು ದೇವಿಯೆಂದು ಘೋಷಿಸಿತು. ಚಕ್ರವರ್ತಿಯು ಆಕೆಯ ನೆನಪಿಗಾಗಿ ಬಡ ಬಾಲಿಕೆಯರ ಪೋಷಣೆಗೆ ಧರ್ಮನಿಧಿಯೊಂದನ್ನು ಸ್ಥಾಪಿಸಿದನು. ಆ ಬಳಿಕ ಅಚ್ಚಾದ ನಾಣ್ಯಗಳ ಮುಮ್ಮುಖದಲ್ಲಿ, ಹೆಣೆದ ಜಡೆಯನ್ನು ನೆತ್ತಿಯ ಮೇಲೆ ಸುತ್ತಿದ ಆಕೆಯ ಮುಖವೂ 'ದೇವಿ ಫೌಸ್ಟಿನಾ' ಎಂಬ ಬರಹವೂ ಇವೆ. ಕೆಲವು ನಾಣ್ಯಗಳ ಹಿಮ್ಮುಖದಲ್ಲಿ ಆ ಬಾಲಿಕೆಯರನ್ನು ಬರಮಾಡಿಕೊಳ್ಳುವ ದೃಶ್ಯವಿದೆ. ಯುದ್ಧವಿಜಯಗಳನ್ನು ಸಾರುತ್ತಿದ್ದ ರೋಮಿನ ಬೆಳ್ಳಿಯು ಇಲ್ಲಿ ಬಡ ಮಕ್ಕಳಿಗೆ ದೊರೆತ ಆಸರೆಯನ್ನು ಸಾರುತ್ತದೆ.