ಗಣಕಯಂತ್ರಕ್ಕೊಂದು ನೀರಿನ ಸುತ್ತು

ಗುಂಡ್ಲುಪೇಟೆಯಲ್ಲಿರುವ ನನ್ನ ಅಕ್ಕನ ಮಗನದು ಮದುವೆಯ ಚಿತ್ರಗಳನ್ನು ಸಂಕಲನ ಮಾಡಿಕೊಡುವ ಉದ್ಯೋಗ. ಊರಿನ ಛಾಯಾಗ್ರಾಹಕರು ತೆಗೆದು ತಂದ ಗಂಟೆಗಟ್ಟಲೆ ವೀಡಿಯೋವನ್ನು ಕತ್ತರಿಸಿ, ಜೋಡಿಸಿ, ಮಂಗಳವಾದ್ಯವನ್ನು ಹದವಾಗಿ ಬೆರೆಸಿ, ಬಂಧುಬಳಗ ಕೂತು ನೋಡುವಂತೆ ಮಾಡಿ ಕೊಡುತ್ತಾನೆ. ಇದಕ್ಕೆಂದು ಬಿಡಿಭಾಗಗಳನ್ನು ಒಂದೊಂದಾಗಿ ಕೊಂಡು ತಾನೇ ಕೂಡಿಸಿಕೊಂಡ ಗಣಕಯಂತ್ರವೊಂದು ಅವನಲ್ಲಿದೆ. ಹಿಂದಿನ ವೈಶಾಖದಲ್ಲಿ, ಮುಹೂರ್ತಗಳು ಒಂದರ ಬೆನ್ನಿಗೊಂದು ಬರುತ್ತಿದ್ದ ಕಾಲದಲ್ಲಿಯೇ, ಆ ಯಂತ್ರ ನಡುಹಗಲಿನಲ್ಲಿ ತಾನಾಗಿಯೇ ಆರಿಹೋಗತೊಡಗಿತು. ಒಂದು ಮನೆಯವರಿಗೆ ಹೇಳಿದ ದಿನಕ್ಕೆ ಕೊಡಲಾಗದೆ ಮುಂಗಡವನ್ನು ಹಿಂದಿರುಗಿಸಬೇಕಾಯಿತು. ಸಣ್ಣ ಊರು, ಇಂತಹ ಮಾತು ಬಸ್ಸಿಗಿಂತ ಬೇಗ ತೆರಕಣಾಂಬಿ ದಾಟುತ್ತದೆ.

ಚಾಮರಾಜನಗರದಲ್ಲಿದ್ದ ನನಗೆ ಅವನ ಫೋನು ಬಂತು.

"ಮಾವ, ಒಳಗೆ ನೀರು ಹರಿಸಿ ತಣಿಸೋಣ ಅಂತಿದ್ದೇನೆ. ನೀವು ಬಂದು ಲೆಕ್ಕ ಒಂದು ನೋಡಿಕೊಡಬೇಕು."

ಹಿಂದಿನಿಂದ ಅಕ್ಕನ ಧ್ವನಿ ಕೇಳಿಸಿತು: "ಕರೆಂಟಿನ ಪೆಟ್ಟಿಗೆಯೊಳಕ್ಕೆ ನೀರು ಬಿಡ್ತಾನಂತೆ ಕಣೋ! ನೀನಾದರೂ ಬುದ್ಧಿ ಹೇಳು."

ಅಕ್ಕನ ಭಯ ನ್ಯಾಯವಾದದ್ದೇ. ಆದರೆ ಹುಡುಗ ಹೇಳಿದ್ದು ಹುಚ್ಚು ಮಾತೇನೂ ಆಗಿರಲಿಲ್ಲ. 1960ರ ದಶಕದಲ್ಲಿಯೇ ಐಬಿಎಂ ಸಂಸ್ಥೆಯ ಸಿಸ್ಟಂ 360 ಮಾಲಿಕೆಯ 91ನೆಯ ಮಾದರಿಗೆ ನೀರಿನ ತಂಪು ಬೇಕಾಗಿತ್ತು. 1985ರ ಕ್ರೇ-2 ಯಂತ್ರದ ವಿದ್ಯುನ್ಮಂಡಲಗಳಂತೂ ವಿದ್ಯುತ್ತು ಹರಿಯದ ಒಂದು ದ್ರವದಲ್ಲಿ ಮುಳುಗಿಯೇ ಕೆಲಸ ಮಾಡುತ್ತಿದ್ದವು. ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ 2015ರಲ್ಲಿ ಬಂದ 'ಸಹಸ್ರಟಿ' ಎಂಬ ಕ್ರೇ ಎಕ್ಸ್‌ಸಿ40 ಮಹಾಗಣಕವೂ ನೀರಿನ ಆಸರೆಯಿಂದಲೇ ತಣಿಯುವ ಜಾತಿಯದು. ಮನೆಯ ಯಂತ್ರಗಳಿಗೆ ಈ ವಿದ್ಯೆ ಬಂದದ್ದು 1990ರ ದಶಕದ ಕೊನೆಯ ಹೊತ್ತಿಗೆ. ಆಗಿನ ಹವ್ಯಾಸಿಗಳು ಹಳೆಯ ಮೋಟಾರುಗಾಡಿಯ ಹೀಟರಿನ ತಾಮ್ರದ ಜಾಲರಿಯನ್ನೂ ಮೀನಿನ ತೊಟ್ಟಿಯ ಪಂಪನ್ನೂ ಜೋಡಿಸಿ ಪ್ರಯೋಗ ನಡೆಸುತ್ತಿದ್ದರು.

ಗುಂಡ್ಲುಪೇಟೆಯವರಿಗೆ ಇದನ್ನು ವಿವರಿಸುವುದು ಸುಲಭ. ಊಟಿಯ ಕಡೆಗೂ ವಯನಾಡಿನ ಕಡೆಗೂ ಘಟ್ಟ ಹತ್ತುವ ಲಾರಿಗಳನ್ನು ದಿನವೂ ಕಾಣುವ ಜನ ಅವರು. ಎಂಜಿನ್ನಿನ ಬಿಸಿಯನ್ನು ನೀರು ಹೀರಿಕೊಂಡು ರೇಡಿಯೇಟರಿಗೆ ಒಯ್ಯುತ್ತದೆ. ಅಲ್ಲಿ ಗಾಳಿ ಅದನ್ನು ಕಸಿದುಕೊಳ್ಳುತ್ತದೆ. ತಣಿದ ನೀರು ಮರಳಿ ಎಂಜಿನ್ನಿಗೆ ಬರುತ್ತದೆ. ಗಣಕಯಂತ್ರದಲ್ಲಿ ಎಂಜಿನ್ನಿನ ಸ್ಥಾನದಲ್ಲಿರುವುದು ಪ್ರೊಸೆಸರು ಮತ್ತು ಗ್ರಾಫಿಕ್ಸ್ ಕಾರ್ಡು. ಅವುಗಳ ನೆತ್ತಿಯ ಮೇಲೆ ಒಂದೊಂದು ತಾಮ್ರದ ಅಚ್ಚನ್ನು ಕೂರಿಸಿ, ಅದರೊಳಗಿನ ಕೂದಲೆಳೆಯಂತಹ ಕಾಲುವೆಗಳಲ್ಲಿ ನೀರು ಹಾಯಿಸುತ್ತಾರೆ. ಉಳಿದದ್ದು ಪಂಪು, ಪುಟ್ಟ ತೊಟ್ಟಿ, ಕೊಳವೆ, ರೇಡಿಯೇಟರು, ಫ್ಯಾನು.

ನಾನು ಹೋದ ದಿನ ಮೊದಲು ಮಾಡಿದ ಕೆಲಸವೆಂದರೆ ಯಂತ್ರದ ಧೂಳು ತೆಗೆದದ್ದು. ಅದರಿಂದ ಪ್ರೊಸೆಸರು ಒಂದಿಷ್ಟು ತಣಿಯಿತು. ಗ್ರಾಫಿಕ್ಸ್ ಕಾರ್ಡು ಮಾತ್ರ ಜಗ್ಗಲಿಲ್ಲ. ಕೆಳಗಿನ ಕೋಣೆಗೆ ಸಾಗಿಸೋಣವೆಂದರೆ ಅಲ್ಲಿ ಭಾವನವರ ತಾಯಿ ಮಲಗುತ್ತಾರೆ. ಯಂತ್ರವಿದ್ದದ್ದು ತಾರಸಿಯ ಮೇಲಿನ ಶೀಟಿನ ಕೋಣೆಯಲ್ಲಿ. ಮಧ್ಯಾಹ್ನ 3 ಗಂಟೆಗೆ ಉಷ್ಣಮಾಪಕ 37 ಡಿಗ್ರಿ ತೋರಿಸಿತು.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ತೊಡೆದುಹಾಕಬೇಕು. ಮಣ್ಣಿನ ಮಡಕೆಯ ನೀರು ಕೋಣೆಗಿಂತ ತಣ್ಣಗಿರುವುದು ಅದು ಬೆವರಿ ಆವಿಯಾಗುವುದರಿಂದ. ಈ ಸುತ್ತಿನಲ್ಲಿ ನೀರು ಬಂಧಿ, ಬೆವರುವಂತಿಲ್ಲ. ಆದ್ದರಿಂದ ಅದು ಕೋಣೆಯ ಗಾಳಿಗಿಂತ ಎಂದಿಗೂ ತಣ್ಣಗಾಗದು. ಕೋಣೆಗಿಂತ 10 ಡಿಗ್ರಿ ಮೇಲಿದ್ದರೆ ಚೆನ್ನಾಗಿ ನಡೆಯುತ್ತಿದೆ ಎಂದೇ ಅರ್ಥ. ಶಾಖವೂ ನಾಶವಾಗುವುದಿಲ್ಲ, ಪೆಟ್ಟಿಗೆಯಿಂದ ಕೋಣೆಗೆ ಬರುತ್ತದೆ, ಅಷ್ಟೆ. ಹಾಗಾಗಿ "ನೀರಿನ ಸುತ್ತು ಬೇಕಾದರೆ ಮೊದಲು ಗೋಡೆಗೆ ಎಕ್ಸಾಸ್ಟ್ ಫ್ಯಾನು ಹಾಕಿಸು" ಎಂದೆ. ಅವನ ಮುಖ ಸಪ್ಪಗಾಯಿತು, ಆದರೂ ಹಾಕಿಸಿದ.

ಅನಂತರ ಕಾಗದ, ಪೆನ್ಸಿಲು ಹಿಡಿದು ಕುಳಿತೆವು. ಪ್ರೊಸೆಸರು 150 ವ್ಯಾಟ್, ಗ್ರಾಫಿಕ್ಸ್ ಕಾರ್ಡು 250 ವ್ಯಾಟ್, ಒಟ್ಟು 400. ನೂರು ವ್ಯಾಟಿಗೆ 120 ಮಿಲಿಮೀಟರಿನ ಒಂದು ಫ್ಯಾನಿನಷ್ಟು ರೇಡಿಯೇಟರು ಎಂಬುದು ಹವ್ಯಾಸಿಗಳ ಒರಟು ಲೆಕ್ಕ. ಅದರಂತೆ ನಾಲ್ಕು, ನಮ್ಮ ಬೇಸಗೆಯನ್ನು ನೆನೆದು ಇನ್ನೊಂದು. ಪೆಟ್ಟಿಗೆಯ ಮೇಲ್ಭಾಗಕ್ಕೆ 360ರ ರೇಡಿಯೇಟರು, ಮುಂಭಾಗಕ್ಕೆ 240ರದು ಎಂದು ಗೊತ್ತಾಯಿತು.

ಯಾವುದರ ಹಿಂದೆ ಯಾವುದು ಬರಬೇಕೆಂಬ ವಿಷಯದಲ್ಲಿ ಹುಡುಗ ಮೂರು ರಾತ್ರಿ ನಿದ್ದೆಗೆಟ್ಟಿದ್ದ. ಅದಕ್ಕೂ ಲೆಕ್ಕವೇ ಉತ್ತರ ಹೇಳಿತು. ನಿಮಿಷಕ್ಕೆ 4 ಲೀಟರು ನೀರು ಹರಿದರೆ, 400 ವ್ಯಾಟ್ ಶಾಖ ಅದನ್ನು ಒಂದೂವರೆ ಡಿಗ್ರಿಯಷ್ಟೂ ಏರಿಸಲಾರದು. ಸುತ್ತಿನ ಯಾವ ಮೂಲೆಯಲ್ಲಿ ನೋಡಿದರೂ ನೀರು ಹೆಚ್ಚುಕಡಿಮೆ ಒಂದೇ ಬಿಸಿ. ಆದ್ದರಿಂದ ಕೊಳವೆ ಎಲ್ಲಿ ಮಡಚದೆ ಸಲೀಸಾಗಿ ಹೋಗುತ್ತದೋ ಅದೇ ಸರಿಯಾದ ಕ್ರಮ. ಕಡ್ಡಾಯವಾದ ನಿಯಮ ಒಂದೇ: ತೊಟ್ಟಿ ಪಂಪಿನ ಹಿಂದೆಯೇ, ಅದಕ್ಕಿಂತ ಮೇಲೆಯೇ ಇರಬೇಕು. ಒಣಗಿ ತಿರುಗಿದ ಪಂಪು ಬಹಳ ಹೊತ್ತು ಬಾಳದು. ತೀರ ತಗ್ಗಿನ ಜಾಗದಲ್ಲಿ ನೀರು ಖಾಲಿ ಮಾಡಲು ಒಂದು ನಲ್ಲಿಯನ್ನೂ ಬರೆದುಕೊಂಡೆವು. ಇದನ್ನು ಮರೆತವರು ವರ್ಷದ ಕೊನೆಗೆ ಪೆಟ್ಟಿಗೆಯನ್ನು ಮಗುವಿನಂತೆ ಎತ್ತಿ ಬಚ್ಚಲಿಗೆ ಬಗ್ಗಿಸಬೇಕಾಗುತ್ತದೆ.

ಅವನ ಪಟ್ಟಿಯಲ್ಲಿ ಅಗ್ಗವೆಂದು ಬರೆದಿದ್ದ ಅಲ್ಯೂಮಿನಿಯಂ ರೇಡಿಯೇಟರೊಂದಿತ್ತು. ನಾನು ಹೊಡೆದುಹಾಕಿದೆ. ತಾಮ್ರ ಒಂದು ಕಡೆ, ಅಲ್ಯೂಮಿನಿಯಂ ಇನ್ನೊಂದು ಕಡೆ, ನಡುವೆ ನೀರು ಎಂದರೆ ಅದು ಬ್ಯಾಟರಿಯೇ ಆಯಿತಲ್ಲ! ಅಲ್ಯೂಮಿನಿಯಂ ದಿನೇ ದಿನೇ ಸವೆಯುತ್ತದೆ. ಅದರ ಕೊಳೆ ಹೋಗಿ ಕಾಲುವೆಗಳಲ್ಲಿ ಕೂರುತ್ತದೆ. ಎಲ್ಲವೂ ತಾಮ್ರ, ಹಿತ್ತಾಳೆಗಳದ್ದೇ ಆಗಬೇಕು.

ನೀರಿನ ವಿಷಯ ಬಂದಾಗ ಅಕ್ಕ, "ನಮ್ಮ ಬೋರ್‌ವೆಲ್ ನೀರಿಗೇನು ಬರ?" ಎಂದಳು. ಗುಂಡ್ಲುಪೇಟೆಯ ಅಂತರ್ಜಲದ ಪಾಡು ಬಲ್ಲವರಿಗೆ ಆ ಮಾತು ನಗೆ ತರಿಸೀತು. ಅದಿರಲಿ, ಸಿಕ್ಕುವ ನೀರಿನ ಗುಣವನ್ನು ಅವಳದೇ ಹಂಡೆಯ ತಳ ಹೇಳುತ್ತಿತ್ತು. ಬೆರಳಿನಿಂದ ಕೆರೆದರೆ ಸುಣ್ಣದ ಹೊಪ್ಪಳೆ ಏಳುತ್ತದೆ. ಹಂಡೆಗೆ ಅದೇನೂ ಬಾಧಕವಲ್ಲ. ಕೂದಲೆಳೆಯ ಕಾಲುವೆಗೆ ಮರಣ. ಭಟ್ಟಿ ಇಳಿಸಿದ ನೀರೇ ಬೇಕು. ಬ್ಯಾಟರಿ ಅಂಗಡಿಯಿಂದ ತಂದ ಡಬ್ಬಿಯನ್ನು, ಕುಡಿಯುವ ನೀರಿನ ಫಿಲ್ಟರ್ ರಿಪೇರಿಯವನ ಬಳಿ ಇರುವ ಪುಟ್ಟ ಟಿಡಿಎಸ್ ಮಾಪಕದಿಂದ ಪರೀಕ್ಷಿಸಿದೆವು. ಒಂದು ಡಬ್ಬಿ 60 ತೋರಿಸಿತು, ಇನ್ನೊಂದು ಅಂಗಡಿಯದು 2. ಎರಡನೆಯದನ್ನು ಇಟ್ಟುಕೊಂಡು, ತುಕ್ಕನ್ನೂ ಪಾಚಿಯನ್ನೂ ತಡೆಯುವ ದ್ರಾವಣವನ್ನು ಬೆರೆಸಲು ತರಿಸಿದೆವು. ಶುದ್ಧ ನೀರಿನಲ್ಲಿ ವಿದ್ಯುತ್ತು ಅಷ್ಟಾಗಿ ಹರಿಯದು, ಸೋರಿದರೂ ಭಯವಿಲ್ಲ ಎಂದು ಕೆಲವರು ಹೇಳುವುದುಂಟು. ನಂಬಬೇಡಿ. ಲೋಹ, ಧೂಳುಗಳ ಸಹವಾಸದಿಂದ ಅದರ ಶುದ್ಧಿ ಬೇಗ ಕೆಡುತ್ತದೆ.

ಪಟ್ಟಿಯ ಮೊತ್ತ 48,000 ರೂಪಾಯಿ! ಪ್ರೊಸೆಸರೊಂದೇ ಬಿಸಿಯಾಗಿದ್ದರೆ 4,000 ರೂಪಾಯಿಯ ದೊಡ್ಡ ಗಾಳಿ-ಕೂಲರು ಸಾಕಾಗುತ್ತಿತ್ತು. ನೂರಕ್ಕೆ ತೊಂಬತ್ತು ಮಂದಿಗೆ ನಾನು ಅದನ್ನೇ ಹೇಳುತ್ತೇನೆ. ಹುಡುಗ ಎರಡು ತಿಂಗಳು ಯೋಚಿಸಿದ, ಶ್ರಾವಣದ ಮದುವೆಗಳ ಹಣ ಕೂಡಿಸಿದ, ಕೊಂಡ.

ಜೋಡಣೆ ಒಂದು ಹಗಲಿನಲ್ಲಿ ಮುಗಿಯಿತು. ಮುಖ್ಯವಾದದ್ದು ಅನಂತರದ 24 ಗಂಟೆ. ಬೇರೆ ಯಾವ ಭಾಗಕ್ಕೂ ವಿದ್ಯುತ್ತು ಕೊಡದೆ ಪಂಪನ್ನು ಮಾತ್ರ ಓಡಿಸಿ, ಪ್ರತಿ ಸಂಧಿಗೂ ಬಿಳಿಯ ಕಾಗದದ ಕರವಸ್ತ್ರ ಸುತ್ತಿ ಕಾಯಬೇಕು. ರಾತ್ರಿ 11ಕ್ಕೆ ಎಲ್ಲವೂ ಒಣಗಿತ್ತು. ನಸುಕಿನಲ್ಲಿ ಮೇಲೆ ಹೋಗಿ ನೋಡಿದವಳು ಅಕ್ಕನೇ.

"ಏಳೋ, ಇಲ್ಲಿ ಒದ್ದೆಯಾಗಿದೆ!"

ಗ್ರಾಫಿಕ್ಸ್ ಕಾರ್ಡಿನ ಅಚ್ಚಿಗೆ ತಿರುಗಿಸಿದ್ದ ಹಿತ್ತಾಳೆಯ ಫಿಟ್ಟಿಂಗಿನ ಬುಡದಲ್ಲಿ ಕಾಗದ ತೊಯ್ದಿತ್ತು. ಬಿಚ್ಚಿದರೆ, ಒಳಗಿನ ರಬ್ಬರಿನ ಉಂಗುರ ಒಂದು ಬದಿಯಲ್ಲಿ ಸೀಳಿತ್ತು. ಹುಡುಗ ಭದ್ರವಾಗಲೆಂದು ಇಕ್ಕಳ ಹಾಕಿ ಬಿಗಿದಿದ್ದನಂತೆ. ಕೈಬಿಗಿಯ ಮೇಲೆ ತುಸುವೇ ಸಾಕಾಗಿತ್ತು. ಆ ಸಂಧಿಯ ನೇರ ಕೆಳಗೇ ವಿದ್ಯುತ್ ಸರಬರಾಜಿನ ಡಬ್ಬಿ. ಕಾಗದವಿಲ್ಲದೆ ಯಂತ್ರವನ್ನು ಹಚ್ಚಿದ್ದರೆ ಏನಾಗುತ್ತಿತ್ತೆಂದು ಅವನು ಬಹಳ ಹೊತ್ತು ಮಾತಾಡದೆ ನೋಡುತ್ತ ನಿಂತಿದ್ದ.

ಆ ಅಳತೆಯ ಉಂಗುರ ಚಾಮರಾಜನಗರದಲ್ಲಿ, ಔಷಧಿ ಸಿಂಪಡಿಸುವ ಪಂಪುಗಳನ್ನು ರಿಪೇರಿ ಮಾಡುವ ಅಂಗಡಿಯೊಂದರಲ್ಲಿ ಸಿಕ್ಕಿತು. ಬೆಲೆ 5 ರೂಪಾಯಿ. ನಾಲ್ಕು ತಂದುಕೊಟ್ಟೆ. ಮತ್ತೆ 24 ಗಂಟೆ ಕಾದೆವು. ಈ ಸಲ ಕಾಗದ ಗರಿಗರಿಯಾಗಿಯೇ ಉಳಿಯಿತು.

ಆಯುಧಪೂಜೆಯ ದಿನ ನಾನು ಹೋದಾಗ ಯಂತ್ರದ ಮೇಲೆ ಚೆಂಡುಹೂವಿನ ಮಾಲೆಯಿತ್ತು. ಒಳಗಡೆ ಯಾವುದೋ ಮದುವೆಯ ಧಾರೆಯ ದೃಶ್ಯ ಸಿದ್ಧವಾಗುತ್ತಿತ್ತು. ಗ್ರಾಫಿಕ್ಸ್ ಕಾರ್ಡು 61 ಡಿಗ್ರಿ. ಅಕ್ಕ ಎಲ್ಲದಕ್ಕೂ ತೀರ್ಥ ಪ್ರೋಕ್ಷಿಸುತ್ತ ಬಂದವಳು ಪೆಟ್ಟಿಗೆಯ ಮುಂದೆ ಉದ್ಧರಣೆಯನ್ನು ತಡೆದು, ತೊಟ್ಟಿಯ ಗೆರೆಯನ್ನು ಬಗ್ಗಿ ನೋಡಿದಳು.

"ಒಂದು ಬೆರಳು ಇಳಿದಿದೆ ಕಣೋ. ನಾಳೆ ಬ್ಯಾಟರಿ ನೀರು ತಾ."