ಮುದ್ದೆ ತಿನ್ನುವವನೇ ಯಾಕೆ ಪೆದ್ದ?

ಕಾಲೇಜು ಫೆಸ್ಟ್‌ನ ಸ್ಕಿಟ್‌ನಲ್ಲಿ ಪೆದ್ದನ ಪಾತ್ರವಿದ್ದರೆ ಅವನು ಮಂಡ್ಯ ಭಾಷೆಯಲ್ಲೇ ಮಾತಾಡಬೇಕು, ಮುದ್ದೆಯನ್ನೇ ನುಂಗಬೇಕು. ನಾಗಮಂಗಲ ಕಡೆಯವನಾದ ನಾನು ಇಂಥವನ್ನು ಬೇಕಾದಷ್ಟು ನೋಡಿದ್ದೇನೆ. ಈಗ ಅದೇ ರಾಗಿ ‘ಮಿಲೆಟ್’ ಎಂಬ ಹೆಸರಲ್ಲಿ ದುಬಾರಿ ಹೋಟೆಲ್‌ಗಳ ಮೆನು ಸೇರಿದೆ. ತಿನಿಸಿಗೆ ಮರ್ಯಾದೆ, ತಿನ್ನುವವನು ಮಾತ್ರ ನಗೆಪಾಟಲು!

ಹಾಗೆಂದು ರಾಗಿ ನಮ್ಮ ಸ್ವಂತ ಆಸ್ತಿಯೇನಲ್ಲ. ಅದರ ತವರು ಆಫ್ರಿಕಾ. ‘ರಾಗಿ ಬ್ರಹ್ಮ’ ಲಕ್ಷ್ಮಣಯ್ಯನವರು ಭಾರತ, ಆಫ್ರಿಕಾದ ತಳಿಗಳನ್ನು ಬೆರೆಸಿಯೇ ‘ಇಂಡಾಫ್’ ತಳಿಗಳನ್ನು ಕೊಟ್ಟರು. ವಿಯೆಟ್ನಾಮಿನವರು ತಮ್ಮನ್ನಾಳಿದ ಫ್ರೆಂಚರ ಬ್ರೆಡ್ಡಿಗೆ ಹುಳಿ ಹಾಕಿದ ತರಕಾರಿ, ಕೊತ್ತಂಬರಿ, ಮೆಣಸಿನಕಾಯಿ ತುಂಬಿ ‘ಬಾನ್ ಮಿ’ ಮಾಡಿಕೊಂಡರು. ಫ್ರೆಂಚರು ನಮ್ಮಲ್ಲಿಗೂ ಬಂದಿದ್ದರು, ಆದರೆ ಆಳಲು ಅಲ್ಲ. ಶ್ರೀರಂಗಪಟ್ಟಣದ ಹೈದರ್, ಟಿಪ್ಪು ಸೇನೆಯಲ್ಲಿದ್ದ ಅವರು ಬೀಡುಬಿಟ್ಟಿದ್ದ ಪಾಂಡವಪುರಕ್ಕೆ ‘ಫ್ರೆಂಚ್ ರಾಕ್ಸ್’ ಎಂಬ ಹೆಸರೇ ಬಿದ್ದಿತ್ತು.

ಎರವಲು ತಪ್ಪಲ್ಲ. ರುಚಿಯನ್ನು ಪಡೆದು, ಅದನ್ನು ಉಳಿಸಿಕೊಂಡು ಬಂದವರನ್ನೇ ಹಂಗಿಸುವುದು ತಪ್ಪು. ಆ ನಗುವಿಗೆ ಅಂಜಿ, ಕೆ.ಆರ್. ಪೇಟೆಯಿಂದ ಬೆಂಗಳೂರಿಗೆ ಕೆಲಸ ಹುಡುಕಿ ಹೋದವರು ಮೊದಲು ತಮ್ಮ ಮಾತನ್ನು ಮುಚ್ಚಿಡುತ್ತಾರೆ, ಆಮೇಲೆ ಊಟದ ಡಬ್ಬಿಯನ್ನು.

ಸ್ಕಿಟ್ ಬರೆಯುವ ಗೆಳೆಯರೇ, ಮುಂದಿನ ಸಲ ಮುದ್ದೆಯನ್ನು ಅಗಿಯಲು ಹೋಗಿ ಒದ್ದಾಡುವ ಪೇಟೆ ಹುಡುಗನನ್ನು ವೇದಿಕೆಗೆ ತನ್ನಿ. ನಾವೂ ಒಂದಿಷ್ಟು ನಗುತ್ತೇವೆ.